ನಿಮ್ಮೂರಿನ ಹಳೇ ಟೋಪೋಶೀಟ್ ಹುಡುಕಿ ಓದುವುದು ಹೇಗೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಿರಿಯರ ಬಾಯಲ್ಲಿ ಬರುವ ಎಷ್ಟೋ ಜಾಗಗಳು ಮೊಬೈಲ್ ಮ್ಯಾಪಿನಲ್ಲಿ ಇಲ್ಲ. ಘಟ್ಟ ಇಳಿಯುತ್ತಿದ್ದ ಎತ್ತಿನ ದಾರಿ, ಹೂಳು ತುಂಬಿ ಗದ್ದೆಯಾದ ಕೆರೆ, ಜನ ಬಿಟ್ಟುಹೋದ ಬೇಚರಾಕ್ ಊರು, ಹಿನ್ನೀರಿನಡಿ ಹೋದ ಕೇರಿ. ಇವನ್ನು ಹುಡುಕಲು ಕೇಂದ್ರ ಸರ್ಕಾರದ ನಕ್ಷೆ ಇಲಾಖೆಯಾದ ಸರ್ವೆ ಆಫ್ ಇಂಡಿಯಾದ ಹಳೇ ಟೋಪೋಶೀಟ್, ಅಂದರೆ ಗುಡ್ಡ, ಹೊಳೆ, ದಾರಿ, ಊರುಗಳನ್ನೆಲ್ಲ ತೋರಿಸುವ ನಕ್ಷೆಯ ಹಾಳೆ, ಇಟ್ಟುಕೊಂಡು ಕೂರಬೇಕು. ನೆಲದ ಮೇಲಿನ ಒಂದು ಮೈಲಿ ಇದರಲ್ಲಿ ಒಂದು ಇಂಚು. ಹಾಗಾಗಿ ಕಾಲುದಾರಿ, ಗುಡಿ, ಒಂಟಿ ಮನೆಗಳಿಗೂ ಜಾಗ ಸಿಕ್ಕಿದೆ.

ಮೊದಲು ನಂಬರ್

ಊರಿನ ಹೆಸರು ಹೇಳಿದರೆ ಸಾಲದು, ಶೀಟ್ ನಂಬರ್ ಬೇಕು. ಅದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಗೂಗಲ್ ಮ್ಯಾಪಿನಲ್ಲಿ ಊರಿನ ಮೇಲೆ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಬರುತ್ತದೆ. ಬರೆದುಕೊಳ್ಳಿ.

ಶಿವಮೊಗ್ಗ ಜಿಲ್ಲೆಯ ಬಹುಪಾಲು ಬರುವುದು 48ನೇ ನಂಬರಿನ ದೊಡ್ಡ ಚೌಕದಲ್ಲಿ. ಪೂರ್ವಕ್ಕೆ 72ರಿಂದ 76 ಡಿಗ್ರಿ, ಉತ್ತರಕ್ಕೆ 12ರಿಂದ 16 ಡಿಗ್ರಿ ಇದರ ವ್ಯಾಪ್ತಿ. ಇದನ್ನು ಒಂದೊಂದು ಡಿಗ್ರಿಯ 16 ಮನೆ ಮಾಡಿ ಇಂಗ್ಲಿಷಿನ ಎ ಇಂದ ಪಿ ವರೆಗೆ ಅಕ್ಷರ ಕೊಟ್ಟಿದ್ದಾರೆ. ಒಂದೊಂದು ಮನೆಯನ್ನೂ ಮತ್ತೆ 15 ನಿಮಿಷದ 16 ಹಾಳೆ ಮಾಡಿದ್ದಾರೆ. ಅಕ್ಷರಕ್ಕೂ ಹಾಳೆಗೂ ಎಣಿಕೆ ಎಡಗಡೆಯ ಮೇಲಿನ ಮೂಲೆಯಿಂದ ಶುರುವಾಗಿ ಕೆಳಗಿಳಿಯುತ್ತದೆ, ಆಮೇಲೆ ಪಕ್ಕದ ಸಾಲಿನ ತಲೆಗೆ ಹೋಗುತ್ತದೆ. ಅಡ್ಡಡ್ಡ ಎಣಿಸಿದರೆ ಇನ್ಯಾವುದೋ ಊರಿನ ಹಾಳೆ ಕೈಗೆ ಬರುತ್ತದೆ.

ತೀರ್ಥಹಳ್ಳಿ ಪೇಟೆಯನ್ನೇ ತೆಗೆದುಕೊಳ್ಳಿ. ಅಕ್ಷಾಂಶ 13.69, ರೇಖಾಂಶ 75.24. ಅಂದರೆ 48 ಓ. ಅದರ ಎಡಗಡೆ ಸಾಲಿನಲ್ಲಿ ಮೇಲಿನಿಂದ ಎರಡನೆಯದು, 48 ಓ/2. ಆದರೆ ಈ ಹಾಳೆ 75.25ಕ್ಕೆ ಮುಗಿಯುತ್ತದೆ. ಪೇಟೆ ಪೂರ್ವದ ಅಂಚಿಗೇ ಬಂತು, ಅಲ್ವಾ? ಶಿವಮೊಗ್ಗ ರಸ್ತೆ ಹಿಡಿದು ಸ್ವಲ್ಪ ಹೋದರೆ 48 ಓ/6 ಬೇಕಾಗುತ್ತದೆ. ಹೊಸನಗರ ಇರುವುದು 48 ಓ/1ರಲ್ಲಿ, ಸಾಗರ 48 ಎನ್/4ರಲ್ಲಿ, ಜೋಗ ಮತ್ತು ಲಿಂಗನಮಕ್ಕಿ 48 ಜೆ/16ರಲ್ಲಿ.

ಎಲ್ಲಿ ಕೇಳಬೇಕು

ಈಗಿನ 1:50,000 ಅಳತೆಯ ಹಾಳೆಗಳನ್ನು ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ಹೋಲಿಸಿ ನೋಡಲು ಇದು ಬೇಕೇ ಬೇಕು. ಹಳೇದು ಅಷ್ಟು ಸುಲಭವಲ್ಲ. ಸಮುದ್ರ ತೀರದಿಂದ ಸುಮಾರು 80 ಕಿಲೋಮೀಟರ್ ಒಳಗಿನ ಟೋಪೋಶೀಟ್‌ಗಳನ್ನು ಬಹಳ ಕಾಲ ಸಾರ್ವಜನಿಕರಿಗೆ ಕೊಡದೆ ತಡೆದಿಟ್ಟಿದ್ದರು. ನಮ್ಮ ಮಲೆನಾಡಿನ ದೊಡ್ಡ ಪಾಲು ಅದರೊಳಗೇ ಬಂತು. ಕಾಲೇಜು, ವಿಶ್ವವಿದ್ಯಾಲಯಗಳ ಭೂವಿಜ್ಞಾನ ಮತ್ತು ಭೂಗೋಳ ವಿಭಾಗಗಳಲ್ಲಿ ವಿಚಾರಿಸಿ.

ನನ್ನ ಕೇಳಿದರೆ, ಅದಕ್ಕೂ ಮೊದಲು ಅಮೆರಿಕದ ಸೇನೆ 1950ರ ದಶಕದಲ್ಲಿ ಅಚ್ಚು ಹಾಕಿಸಿದ ಯು 502 ಸರಣಿ ನೋಡಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅಳತೆ 1:2,50,000, ಹಾಗಾಗಿ ಕೇರಿ ಮಟ್ಟದ ವಿವರ ಕಮ್ಮಿ. ಆದರೂ ಲಿಂಗನಮಕ್ಕಿ ಅಣೆಕಟ್ಟಿಗಿಂತ ಹಿಂದಿನ ಶರಾವತಿ ಕಣಿವೆ ಹೇಗಿತ್ತು ಎಂಬ ಅಂದಾಜಿಗೆ ಸಾಕು.

ಓದುವಾಗ

ಅಂಚಿನ ಬರಹದಿಂದ ಶುರು ಮಾಡಿ. ಅಚ್ಚಾದ ವರ್ಷ ಬೇರೆ, ಸರ್ವೆ ಮಾಡಿದ ವರ್ಷ ಬೇರೆ. ಹಳೇ ಸರ್ವೆಯನ್ನೇ ಅಲ್ಲಲ್ಲಿ ತಿದ್ದಿ ಮತ್ತೆ ಮತ್ತೆ ಅಚ್ಚು ಹಾಕಿದ ಹಾಳೆಗಳಿವೆ. ನಿಮಗೆ ಬೇಕಾದ್ದು ಸರ್ವೆಯ ವರ್ಷ.

ಕಂದು ಗೆರೆಗಳು ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು. ಒತ್ತೊತ್ತಾಗಿದ್ದರೆ ಕಡಿದಾದ ಧರೆ, ದೂರದೂರ ಇದ್ದರೆ ಗದ್ದೆ ಬಯಲು. ಇಂಚಿನ ಹಾಳೆಯಲ್ಲಿ ಎತ್ತರ ಅಡಿಯಲ್ಲಿದೆ, ಹೊಸದರಲ್ಲಿ ಮೀಟರಿನಲ್ಲಿ. ನೀರು ನಿಲ್ಲುವ ಕೆರೆ ನೀಲಿ. ಅದರ ಪಕ್ಕ ಅಂಕಿ ಮತ್ತು ಸಣ್ಣ 'ಆರ್' ಅಕ್ಷರ ಕಂಡರೆ ಅದು ಏರಿಯ ಎತ್ತರ. ತುಂಡು ತುಂಡು ಗೆರೆ ಕಾಲುದಾರಿ. ಹೆಸರುಗಳಿಗೆ ಮಾತ್ರ ತಾಳ್ಮೆ ಬೇಕು. ಭದ್ರಾವತಿ ಎಂದು ಹುಡುಕಿದರೆ ಬೆಂಕಿಪುರ ಸಿಗಬಹುದು, ಜೋಗ ಎಂದರೆ ಗೇರುಸೊಪ್ಪೆ ಜಲಪಾತ.

ಕೈ ಪಳಗಲು ಲಿಂಗನಮಕ್ಕಿಯ ಹಿನ್ನೀರಿಗಿಂತ ಒಳ್ಳೆ ಪಾಠ ಇಲ್ಲ. ಅಣೆಕಟ್ಟು ಮುಗಿದದ್ದು 1964ರಲ್ಲಿ, ಪೂರ್ತಿ ತುಂಬಿದಾಗ ನೀರಿನ ಮಟ್ಟ 1819 ಅಡಿ. ಅದಕ್ಕೂ ಹಿಂದಿನ 48 ಜೆ/16ರ ಒಂದು ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿಯಿರಿ. ಗೆರೆಗಳು 50 ಅಡಿಗೊಂದು, 250 ಅಡಿಗೊಮ್ಮೆ ದಪ್ಪ ಗೆರೆ. 1750ರ ದಪ್ಪ ಗೆರೆಯಿಂದ ಗುಡ್ಡದ ಕಡೆ ಒಂದು ಗೆರೆ ದಾಟಿದರೆ 1800. ಅಲ್ಲಿಂದ 1850ರ ಗೆರೆಗೆ ಇರುವ ಜಾಗದಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಮೇಲೆ ಪೆನ್ಸಿಲ್ ಎಳೆಯುತ್ತಾ ಹೋಗಿ. ಹಳ್ಳಗಳ ಒಳಗೆಲ್ಲ ಗೆರೆ ನುಗ್ಗುತ್ತದೆ, ಕೈ ಬಿಡಬೇಡಿ. ಹೊಳೆಯ ಕಡೆ ಉಳಿದದ್ದೆಲ್ಲ ಈಗ ನೀರು. ಅದರ ನಡುವೆ ಸುತ್ತು ಹಾಕಿ ನಿಂತ ಗುಡ್ಡದ ನೆತ್ತಿಗಳೇ ಇವತ್ತಿನ ನಡುಗಡ್ಡೆಗಳು. ಇನ್ನು ಆ ಗೆರೆಯೊಳಗಿನ ಹೆಸರುಗಳನ್ನು ಒಂದೊಂದಾಗಿ ಓದಿ. ಹೊಳೆಗೆ ಇಳಿಯುವ ಕಾಲುದಾರಿಗಳನ್ನು ಹಿಡಿದು ಹೋದರೆ ಹಿನ್ನೀರಿನಾಚೆಯ ಕರೂರು ಸೀಮೆಯವರು ಲಾಂಚಿಗಿಂತ ಮೊದಲು, 2025ರ ಸಿಗಂದೂರು ಸೇತುವೆಗಿಂತ ಎಷ್ಟೋ ಮೊದಲು, ಎಲ್ಲಿ ಹೊಳೆ ದಾಟುತ್ತಿದ್ದಿರಬಹುದು ಎನ್ನುವ ಊಹೆ ಸಿಗುತ್ತದೆ. ಹಿನ್ನೀರು ಈ ಒಂದು ಹಾಳೆಯಲ್ಲಿ ಮುಗಿಯುವುದಿಲ್ಲ, ದಕ್ಷಿಣಕ್ಕೆ 48 ಕೆ/13 ಕೂಡ ಬೇಕು. 1940ರ ದಶಕದ ಕೊನೆಗೆ ಕಟ್ಟಿ ಮುಗಿಸಿದ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದೆ. ನಿಮ್ಮ ಹಾಳೆಯ ಸರ್ವೆ ಅದಕ್ಕಿಂತ ಹಿಂದಿನದೋ ಮುಂದಿನದೋ ನೋಡಿಕೊಳ್ಳಿ.

ಉಪಗ್ರಹ ಚಿತ್ರದ ಮೇಲೆ ಕೂರಿಸುವುದು

ಕಂಪ್ಯೂಟರ್ ಬಳಕೆ ಇದ್ದರೆ ಕ್ಯೂಜಿಐಎಸ್ ಎಂಬ ಪುಕ್ಕಟೆ ತಂತ್ರಾಂಶದ ಜಿಯೋರೆಫರೆನ್ಸರ್ ತೆರೆದು ಸ್ಕ್ಯಾನ್ ಪ್ರತಿ ಹಾಕಿ. ನಾಲ್ಕು ಮೂಲೆ ಒತ್ತಿ ಅವುಗಳ ಅಕ್ಷಾಂಶ, ರೇಖಾಂಶ ತುಂಬಬೇಕು. 48 ಓ/2ಕ್ಕೆ ಎಡಗಡೆ 75, ಬಲಗಡೆ 75.25, ಕೆಳಗೆ 13.5, ಮೇಲೆ 13.75. ಮಡಿಕೆ ಬಿದ್ದು ಹಿಗ್ಗಿದ ಹಾಳೆಯಾದರೆ ಒಳಗಿನ ಒಂದೆರಡು ಬಿಂದುಗಳನ್ನೂ ಸೇರಿಸಿ. ಬಹಳ ಜನ ಎಡವುವುದು ಮುಂದಿನ ಆಯ್ಕೆಯಲ್ಲಿ, ಅಂದರೆ ಆ ಅಕ್ಷಾಂಶ, ರೇಖಾಂಶ ಯಾವ ಅಳತೆ ಪದ್ಧತಿಯದು (ಸಿಆರ್‌ಎಸ್) ಎಂದು ಹೇಳುವಲ್ಲಿ. ಹಳೇ ಹಾಳೆಗೆ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಕೊಟ್ಟರೆ ಇಡೀ ಊರು ನೂರು ಮೀಟರಿಗೂ ಜಾಸ್ತಿ ಸರಿದು ಕೂರುತ್ತದೆ, ಕೆರೆ ಹೋಗಿ ಗುಡ್ಡ ಹತ್ತುತ್ತದೆ. ಪಟ್ಟಿಯಲ್ಲಿ ಕಲ್ಯಾಣಪುರ 1975 (Kalianpur 1975) ಆರಿಸಿ. ಇಷ್ಟೆಲ್ಲ ಬೇಡ ಎನ್ನುವವರು ಗೂಗಲ್ ಅರ್ತ್ ಪ್ರೊದಲ್ಲಿ ಇಮೇಜ್ ಓವರ್‌ಲೇ ಹಾಕಿ, ಹೊಳೆಯ ತಿರುವು ಮತ್ತು ಹಳೇ ದೇವಸ್ಥಾನ ನೋಡಿಕೊಂಡು ಕೈಯಲ್ಲೇ ಎಳೆದು ಕೂರಿಸಬಹುದು. ದಾರಿ ಹುಡುಕಿ ನಡೆಯಲು ಅಷ್ಟು ಸಾಕು.

ಬೇಲಿ ಜಗಳಕ್ಕೆ ಇದು ಬರುವುದಿಲ್ಲ

ಟೋಪೋಶೀಟಿನಲ್ಲಿ ಸರ್ವೆ ನಂಬರ್ ಇಲ್ಲ, ಯಾರ ಜಮೀನು ಎಂಬುದೂ ಇಲ್ಲ. ಒಂದು ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ 63 ಮೀಟರ್ ಆಗುತ್ತದೆ, ಅದರಲ್ಲಿ ಒಂದು ಅಡಿಕೆ ತೋಟವೇ ಅಡಗಿಬಿಡಬಹುದು. ಗಡಿ, ಖರಾಬು, ಕಾನು, ಸೊಪ್ಪಿನಬೆಟ್ಟದ ವಿಚಾರ ಇದ್ದರೆ ಸರ್ವೆ ಇಲಾಖೆಯ ಗ್ರಾಮ ನಕ್ಷೆ, ಟಿಪ್ಪಣಿ, ಆಕಾರ್‌ಬಂದ್ ತೆಗೆಸಿ. ನಿಂತಲ್ಲೇ ಸರ್ವೆ ನಂಬರ್ ತಿಳಿಯಲು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇದೆ.