ಸೋಮವಾರ ನೊಗ ಹೂಡುವುದಿಲ್ಲ

ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿ ಒರಗಿದರೆ ಸಾಕು, ನನ್ನ ಕಿವಿ ಗೇಟಿನ ಕಡೆಗೇ ಇರುತ್ತಿತ್ತು. ಚಿಲಕ ಸದ್ದಾದ ಕೂಡಲೇ ಎದ್ದು ಹೊಲಿಗೆ ಯಂತ್ರದ ಮುಂದೆ ಕುಳಿತು ಪೆಡಲ್ ಮೇಲೆ ಕಾಲಿಡುತ್ತಿದ್ದೆ. ಬಂದವರು ಗ್ಯಾಸ್ ಸಿಲಿಂಡರಿನವರೋ, ಪಕ್ಕದ ಮನೆಯ ಮಗುವೋ, ಯಾರೇ ಆಗಲಿ, ನಾನು ಮಲಗಿದ್ದನ್ನು ನೋಡಬಾರದು. ಕತ್ರಿಗುಪ್ಪೆಯ ಮನೆಯಲ್ಲಿ ಹನ್ನೊಂದು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಅದರಲ್ಲಿ ಒಂಬತ್ತು ವರ್ಷ ಹೀಗೇ ಕಳೆಯಿತು. ಆಷಾಢದಲ್ಲಿ ಮದುವೆಗಳಿಲ್ಲ, ಕೆಲಸವೂ ಕಡಿಮೆ. ಆಗಲೂ ಸುಮ್ಮನೆ ಕುಳಿತರೆ ಏನನ್ನೋ ಕದ್ದಂತೆ ಮನಸ್ಸು ಚುಚ್ಚುತ್ತಿತ್ತು.

ಈ ಅಂಜಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಮದುವೆಗೆ ಮುಂಚೆ ಮೈಸೂರು ರಸ್ತೆಯ ಕಡೆ ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕಿದ್ದೆ. ಎಷ್ಟು ಪೀಸ್ ಆಯಿತೆಂದು ಗಂಟೆಗೊಮ್ಮೆ ಬೋರ್ಡಿನ ಮೇಲೆ ಬರೆಯುತ್ತಿದ್ದರು. ನೀರು ಕುಡಿಯಲು ಎದ್ದರೂ ಬೆನ್ನ ಹಿಂದೆ ಯಾರೋ ಎಣಿಸುತ್ತಿದ್ದಾರೆ ಎನಿಸುತ್ತಿತ್ತು. ಕೆಲಸ ಬಿಟ್ಟೆ, ಆ ಬೋರ್ಡು ಮಾತ್ರ ನನ್ನನ್ನು ಬಿಡಲಿಲ್ಲ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ವಾರಕ್ಕೊಂದು ರಜೆ ಇತ್ತು, ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿರಲಿಲ್ಲ, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕಿತ್ತು. ನನ್ನ ಮನೆಯಲ್ಲಿ ನಾನೇ ಮಾಲೀಕಳು, ನಾನೇ ಕೆಲಸದವಳು. ನನಗೆ ನಾನು ಅಷ್ಟನ್ನೂ ಕೊಟ್ಟುಕೊಂಡಿರಲಿಲ್ಲ.

ಎರಡು ವರ್ಷದ ಹಿಂದೆ, ವರಮಹಾಲಕ್ಷ್ಮಿ ಹಬ್ಬದ ವಾರ, ರಾತ್ರಿ ಒಂದು ಗಂಟೆ ದಾಟಿದ ಮೇಲೆ ಒಂದು ರೇಷ್ಮೆ ರವಿಕೆಯ ಬಟ್ಟೆ ಕತ್ತರಿಸಿದೆ. ತೋಳಿನ ಮುಂಭಾಗವನ್ನು ಹಿಂಭಾಗಕ್ಕಿಂತ ಸ್ವಲ್ಪ ಆಳವಾಗಿ ಕತ್ತರಿಸಬೇಕು. ಹಾಗಾಗಿ ಎರಡು ತೋಳುಗಳು ಕೈ ಮುಗಿದಾಗ ಅಂಗೈಗಳು ಇರುವಂತೆ ಒಂದಕ್ಕೊಂದು ಎದುರುಬದುರಾಗಿರಬೇಕು. ಜರಿಯಂಚು ಹೊಂದಿಸಲೆಂದು ನಾನು ಬಟ್ಟೆ ಮಡಚದೆ ಬಿಡಿಬಿಡಿಯಾಗಿ ಕತ್ತರಿಸಿದ್ದೆ. ಬೆಳಿಗ್ಗೆ ಜೋಡಿಸಲು ಕುಳಿತು ನೋಡಿದರೆ ಎರಡೂ ಎಡಗೈಯ ತೋಳುಗಳು. ಸೀರೆಯ ಜೊತೆಗೇ ಬಂದ ಬಟ್ಟೆ, ಬೇರೆಲ್ಲೂ ಸಿಗುವುದಿಲ್ಲ. ಅದು ಹೊಲಿಯಲು ಕೊಟ್ಟಿದ್ದಾಕೆಗೆ ತಾಯಿ ಕೊಡಿಸಿದ್ದ ಸೀರೆ. ಆಕೆ ಬೈಯಲಿಲ್ಲ. "ಇರಲಿ ಬಿಡಿ" ಎಂದು ಆ ತುಂಡುಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕಿಕೊಂಡರು. ಆ ಕೈಗಳು ಈಗಲೂ ನನ್ನ ಕಣ್ಣ ಮುಂದಿವೆ.

ಅಂದು ರಾತ್ರಿ ತುಮಕೂರಿನ ಕಡೆಯ ನಮ್ಮೂರಿಗೆ ಫೋನ್ ಮಾಡಿ ಅಪ್ಪನ ಹತ್ತಿರ ಅತ್ತುಬಿಟ್ಟೆ. ಅಪ್ಪ ಕೇಳಿದ್ದು ಒಂದೇ ಮಾತು: "ನಮ್ಮ ಎತ್ತುಗಳಿಗೆ ಸೋಮವಾರ ನೊಗ ಹೂಡಿದ್ದನ್ನು ಯಾವತ್ತಾದರೂ ನೋಡಿದ್ದೀಯೇನಮ್ಮ?" ನೋಡಿರಲಿಲ್ಲ. ಸೋಮವಾರ ಬಸವಣ್ಣನ ದಿನ. ಹದವಾದ ಮಳೆ ಬಿದ್ದು ಹೊಲ ಬಿತ್ತನೆಗೆ ಕಾದಿದ್ದರೂ ಅಪ್ಪ ಅಂದು ಎತ್ತುಗಳ ಮೈ ತೊಳೆದು, ಹುಲ್ಲು ಹಾಕಿ, ನೆರಳಿಗೆ ಕಟ್ಟುತ್ತಿದ್ದರು. ನಿಂತ ಎತ್ತನ್ನು ಊರಿನಲ್ಲಿ ಯಾರೂ ಸೋಮಾರಿ ಎನ್ನಲಿಲ್ಲ.

ನಾನೂ ಸೋಮವಾರವನ್ನೇ ಹಿಡಿದೆ. ಭಾನುವಾರ ನಮ್ಮಂಥವರಿಗೆ ಬಿಡುವಿನ ದಿನವಲ್ಲ, ಕಚೇರಿಗೆ ಹೋಗುವ ಹೆಣ್ಣುಮಕ್ಕಳು ಅಳತೆ ಕೊಡಲು ಬರುವುದೇ ಅಂದು. ಆರ್ಡರ್ ಪುಸ್ತಕದಲ್ಲಿ ಮುಂದಿನ ಮೂರು ತಿಂಗಳ ಸೋಮವಾರಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಈ ಗೆರೆ ಬೇಕೇ ಬೇಕು. ಖಾಲಿ ಜಾಗ ಕಂಡರೆ ನನ್ನ ಕೈ ತಾನಾಗಿ ಯಾರದೋ ಹೆಸರು ಬರೆಯುತ್ತದೆ.

ಮೊದಲ ಕೆಲವು ಸೋಮವಾರಗಳು ವ್ಯರ್ಥವಾದವು. ಯಂತ್ರ ಮುಟ್ಟಲಿಲ್ಲ, ಆದರೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದೆ, ಮಕ್ಕಳ ಸಮವಸ್ತ್ರಕ್ಕೆ ಗುಂಡಿ ಹಾಕಿದೆ. ಸಂಜೆಯ ಹೊತ್ತಿಗೆ ಸೊಂಟ ಹಿಡಿದಿರುತ್ತಿತ್ತು. ಮನೆಯೊಳಗಿದ್ದರೆ ನನಗೆ ವಿಶ್ರಾಂತಿಯಿಲ್ಲ ಎಂದು ಅರ್ಥವಾಯಿತು. ಮಕ್ಕಳನ್ನು ಶಾಲೆಗೆ ಕಳಿಸಿ, ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಲಾಲ್‌ಬಾಗ್‌ನಲ್ಲಿ ಇಳಿಯತೊಡಗಿದೆ. ಕೆಂಪೇಗೌಡರ ಗೋಪುರವಿರುವ ಬಂಡೆಯ ಮೇಲೆ ಕುಳಿತುಕೊಳ್ಳುತ್ತೇನೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಬೆಳಗಿನ ಬಿಸಿಲಿಗೆ ಅಂಗಾಲು ಬೆಚ್ಚಗಾಗುತ್ತದೆ.

ಮೊದಲ ಸಲ ಅಲ್ಲಿ ಕುಳಿತಾಗ ಹನ್ನೊಂದರ ಹೊತ್ತಿಗೆ ಆ ಬೋರ್ಡು ಎದ್ದು ನಿಂತಿತು: ಇಷ್ಟರಲ್ಲಿ ಎರಡು ರವಿಕೆ ಮುಗಿಯುತ್ತಿತ್ತು. ನಾನು ಎದ್ದು ಹೊರಡಲಿಲ್ಲ. ಆ ಲೆಕ್ಕವನ್ನು ಅರ್ಧಕ್ಕೆ ಬಿಡದೆ ಪೂರ್ತಿ ಮಾಡಿದೆ. ಎರಡು ರವಿಕೆಯ ಕೂಲಿ ಇಷ್ಟು, ನಾನು ಕೆಡಿಸಿದ ರೇಷ್ಮೆಯ ಬೆಲೆ ಇಷ್ಟು. ಆಮೇಲೆ ಅದು ತಾನಾಗಿ ಅಡಗಿತು. ಈಗಲೂ ಹನ್ನೊಂದಕ್ಕೆ ಬರುತ್ತದೆ. ಓಡಿಸಲು ಹೋಗುವುದಿಲ್ಲ, ಲೆಕ್ಕ ಮುಗಿಸಿ ಕಳಿಸುತ್ತೇನೆ.

ತಿಂಗಳಿಗೆ ಆರೇಳು ರವಿಕೆ ಕಡಿಮೆಯಾದದ್ದು ನಿಜ. ಆ ಹಣ ನಮಗೆ ಸಣ್ಣದಲ್ಲ, ಬಾಡಿಗೆ ಕಟ್ಟುವ ವಾರ ಕೊರತೆ ಗೊತ್ತಾಗುತ್ತದೆ. ಆದರೆ ಬಿಚ್ಚಿ ಮತ್ತೆ ಹೊಲಿಯುವ ಕೆಲಸ ಬಹುಮಟ್ಟಿಗೆ ನಿಂತಿದೆ. ಮಧ್ಯಾಹ್ನದ ಅರ್ಧ ಗಂಟೆಯನ್ನೂ ಬಿಡದೆ ಮಲಗುತ್ತೇನೆ. ಯಾರಾದರೂ ಬಂದರೆ ಕೆದರಿದ ಕೂದಲಲ್ಲೇ ಬಾಗಿಲು ತೆರೆದು "ಮಲಗಿದ್ದೆ" ಎನ್ನುತ್ತೇನೆ. ಆ ಒಂದು ಮಾತು ಬಾಯಿಗೆ ಬರಲು ಎಷ್ಟೋ ತಿಂಗಳು ಹಿಡಿಯಿತು.

ಈಗ ಮತ್ತೆ ಆಷಾಢ. ಹಬ್ಬಕ್ಕೆಂದು ಸೀರೆಗಳು ಬರತೊಡಗಿವೆ. ನಿನ್ನೆ ಬಂದ ಅಕ್ಕ ಒಬ್ಬರು, "ಶ್ರಾವಣದಲ್ಲಾದರೂ ಸೋಮವಾರ ಹೊಲಿಯಬಾರದೇನಮ್ಮ?" ಎಂದು ಕೇಳಿದರು. ಪುಸ್ತಕ ತೆರೆದು ಕೆಂಪು ಗೆರೆಗಳನ್ನು ತೋರಿಸಿ, ಅವರ ರವಿಕೆಯನ್ನು ಮಂಗಳವಾರಕ್ಕೆ ಬರೆದುಕೊಂಡೆ.