ಗೊಂಬೆ ನೋಡಲು ಬಂದವರಿಗೆ ಏನು ಕೊಡೋಣ?

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗೆ ಎಲ್ಲರೂ ಹೇಳಿ ಬರುವುದಿಲ್ಲ. ಐದು ಗಂಟೆಗೆ ಪಕ್ಕದ ಮನೆಯ ಮಕ್ಕಳು, ಆರಕ್ಕೆ ಹಿಂದಿನ ಬೀದಿಯ ಅತ್ತೆ-ಸೊಸೆ, ಎಂಟಕ್ಕೆ ಅಂಗಡಿ ಬಾಗಿಲು ಹಾಕಿಕೊಂಡು ಬಂದ ಭಾವನವರು. ಊಟಕ್ಕೆ ಕರೆದ ಹಾಗಲ್ಲ ಇದು. ಇಬ್ಬರು ಏಳುವ ಹೊತ್ತಿಗೆ ಇನ್ನು ನಾಲ್ವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತಾರೆ. ಹಾಗಾಗಿ ಈ ಹಬ್ಬಕ್ಕೆ ತಿಂಡಿ ಆರಿಸುವಾಗ ನಾನು ನೋಡುವುದು ಒಂದೇ: ಅದು ಕಾಯುತ್ತದೆಯಾ? ಬೋಂಡ, ಬಜ್ಜಿ ಕಾಯುವುದಿಲ್ಲ. ದೋಸೆಯಂತೂ ಕಾಯುವುದೇ ಇಲ್ಲ. ಅವನ್ನು ಹಿಡಿದುಕೊಂಡರೆ ಮನೆಯಾಕೆ ಒಲೆ ಮುಂದೆ, ಬಂದವರು ಗೊಂಬೆ ಮುಂದೆ. ಮಾತಾಡುವವರು ಯಾರು?

ಒಂದು ಕರಿದದ್ದು, ಒಂದು ಕಾಳಿನದು, ಒಂದು ಕುಡಿಯುವುದು. ಅಷ್ಟು ಸಾಕು. ತಟ್ಟೆಯಲ್ಲಿ ಏಳೆಂಟು ಬಗೆ ಇಟ್ಟರೆ ಬಂದವರು ಎಲ್ಲದರಲ್ಲೂ ಚೂರು ಮುರಿದು ಬಿಡುತ್ತಾರೆ. ಅವರಿಗೆ ಇನ್ನೂ ನಾಲ್ಕು ಮನೆಗೆ ಹೋಗುವುದಿರುತ್ತದೆ, ಅಲ್ವಾ?

ಕರಿದದ್ದರಲ್ಲಿ ನನ್ನ ಓಟು ಕೋಡುಬಳೆಗೆ. ಚಕ್ಕುಲಿಗೆ ಒರಳು ಬೇಕು, ಒತ್ತುವುದಕ್ಕೆ ತೋಳಿನಲ್ಲಿ ಬಲ ಬೇಕು. ಕೋಡುಬಳೆಗೆ ಕೈ ಸಾಕು. ಮಕ್ಕಳನ್ನೂ ಕೂರಿಸಿಕೊಂಡು ಹೊಸೆಯಬಹುದು. ಎರಡು ಲೋಟ ಅಕ್ಕಿಹಿಟ್ಟಿಗೆ ಅರ್ಧ ಲೋಟ ಚಿರೋಟಿ ರವೆ, ಅರ್ಧ ಲೋಟ ಹುರಿಗಡಲೆ ಪುಡಿ. ಎಂಟು ಹತ್ತು ಬ್ಯಾಡಗಿ ಮೆಣಸಿನಕಾಯಿ, ಅರ್ಧ ಲೋಟ ಕೊಬ್ಬರಿ ತುರಿ, ಇಂಗು, ಉಪ್ಪು ಇಷ್ಟನ್ನೂ ನುಣ್ಣಗೆ ರುಬ್ಬಿಕೊಳ್ಳಿ. ಬ್ಯಾಡಗಿ ಬಣ್ಣ ಜಾಸ್ತಿ ಕೊಡುತ್ತದೆ, ಖಾರ ಕಡಿಮೆ. ಮಕ್ಕಳೂ ತಿನ್ನಬಹುದು. ಹಿಟ್ಟಿನ ಮೇಲೆ ನಾಲ್ಕು ಚಮಚ ಕಾದ ಎಣ್ಣೆ ಸುರಿಯಿರಿ, ಚುಯ್ ಅನ್ನಬೇಕು. ಆಮೇಲೆ ಒಣಹಿಟ್ಟನ್ನೇ ಕೈಯಲ್ಲಿ ಚೆನ್ನಾಗಿ ತಿಕ್ಕಿ. ಒಂದು ಹಿಡಿ ಹಿಟ್ಟು ತೆಗೆದು ಮುಷ್ಟಿ ಕಟ್ಟಿದರೆ ಮುದ್ದೆಯಾಗಿ ನಿಲ್ಲಬೇಕು, ಬೆರಳಿಂದ ತಟ್ಟಿದರೆ ಉದುರಬೇಕು. ಎಣ್ಣೆ ಸಾಕಾಗಿದೆಯೋ ಇಲ್ಲವೋ ತಿಳಿಯುವುದು ಇಲ್ಲೇ.

ಆಮೇಲೆ ರುಬ್ಬಿದ ಖಾರ ಬೆರೆಸಿ, ನೀರು ಮಾತ್ರ ಕೈ ಬಿಗಿ ಹಿಡಿದು ಹಾಕಿ. ಎಲ್ಲ ಹಿಟ್ಟನ್ನೂ ಒಟ್ಟಿಗೆ ಕಲಸಬೇಡಿ, ಒಂದು ಬಾಣಲೆಗೆ ಆಗುವಷ್ಟು ಕಲಸಿ, ಕರಿದು, ಮತ್ತೆ ಕಲಸಿ. ಕಲಸಿಟ್ಟ ಹಿಟ್ಟು ಕೂತಷ್ಟೂ ಎಣ್ಣೆ ಕುಡಿಯುತ್ತದೆ. ಕಿರುಬೆರಳ ದಪ್ಪಕ್ಕೆ ಹೊಸೆದು ಬಳೆ ಮಾಡಿ, ತುದಿ ಎರಡನ್ನೂ ಒತ್ತಿ ಸೇರಿಸಿ. ಹೊಸೆಯುವಾಗ ಬಿರುಕು ಬಿಟ್ಟರೆ ನೀರು ಕಡಿಮೆ ಎಂದರ್ಥ, ಕೈಗೆ ಸ್ವಲ್ಪ ನೀರು ಮುಟ್ಟಿಸಿಕೊಂಡರೆ ಸರಿಹೋಗುತ್ತದೆ. ಎಣ್ಣೆ ಚೆನ್ನಾಗಿ ಕಾದ ಮೇಲೆ ಹಾಕಿ, ಕೂಡಲೇ ಉರಿ ಸಣ್ಣ ಮಾಡಿ. ಕೆಂಪಗಾಯಿತು ಎಂದು ತೆಗೆಯುವ ಆತುರ ಬೇಡ. ನೊರೆ ಪೂರ್ತಿ ನಿಲ್ಲಬೇಕು, ಸದ್ದು ಅಡಗಬೇಕು. ಬೇಗ ತೆಗೆದದ್ದು ಇವತ್ತು ಗರಿಗರಿ, ನಾಳೆ ಮೆತ್ತಗೆ. ಪೂರ್ತಿ ಆರುವ ತನಕ ಡಬ್ಬದ ಮುಚ್ಚಳ ಹಾಕಬೇಡಿ. ಬಿಸಿಯ ಹಬೆ ಒಳಗೆ ಸೇರಿದರೆ ಅಷ್ಟೂ ಶ್ರಮ ನೀರಾಗುತ್ತದೆ. ಮಹಾಲಯ ಅಮಾವಾಸ್ಯೆಗೂ ಮೊದಲೇ ಮಾಡಿಟ್ಟರೆ ವಿಜಯದಶಮಿಯವರೆಗೂ ಯೋಚನೆಯಿಲ್ಲ. ಡಬ್ಬ ಮಾತ್ರ ಕೈಗೆಟುಕದ ಕಡೆ ಇರಲಿ. ಮನೆಯವರೇ ಖಾಲಿ ಮಾಡುವುದು ಜಾಸ್ತಿ.

ಕಾಳಿನದು ಎಂದರೆ ಉಸಲಿ. ಒಂದು ದಿನ ಕಡಲೆಕಾಳು, ಒಂದು ದಿನ ಹೆಸರುಕಾಳು, ಒಂದು ದಿನ ಅಲಸಂದೆ, ಒಂದು ದಿನ ಬಟಾಣಿ. ದಿನವೂ ಬೇರೆ ಮಾಡಿದ ಹಾಗೂ ಆಯಿತು, ಕೆಲಸ ಅದೇ. ಕಾಲು ಕೆಜಿ ಕಡಲೆ ನೆನೆಸಿದರೆ ಸುಮಾರು ಹತ್ತು ಜನಕ್ಕೆ ಸಣ್ಣ ದೊನ್ನೆ ತುಂಬ ಆಗುತ್ತದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಉಪ್ಪು ಹಾಕಿಯೇ ಬೇಯಿಸಿ, ಬಸಿದಿಡಿ. ಬಸಿದ ಕಟ್ಟನ್ನು ಚೆಲ್ಲಬೇಡಿ, ಮಧ್ಯಾಹ್ನದ ಸಾರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಸಂಜೆ ಸಾಸಿವೆ, ಹಸಿಮೆಣಸಿನಕಾಯಿ, ಇಂಗು, ಕರಿಬೇವಿನ ಒಗ್ಗರಣೆಯಲ್ಲಿ ಕಾಳು ಹೊರಳಿಸಿದರೆ ಮುಗಿಯಿತು. ಈರುಳ್ಳಿ ಬೇಡ, ನವರಾತ್ರಿಯಲ್ಲಿ ಈರುಳ್ಳಿ ತಿನ್ನದವರು ಬರುತ್ತಾರೆ. ಹಸಿ ತೆಂಗಿನತುರಿಯನ್ನು ಪಾತ್ರೆಗೆ ಸುರಿಯಬೇಡಿ. ಬೇರೆ ಬಟ್ಟಲಲ್ಲಿಟ್ಟು, ಬಂದವರಿಗೆ ಕೊಡುವಾಗ ಅಷ್ಟಷ್ಟಕ್ಕೇ ಬೆರೆಸಿ. ಉಸಲಿ ಬೇಗ ಹಳಸುವುದು ತೆಂಗಿನತುರಿಯಿಂದ. ನಿಂಬೆರಸ ಒಲೆ ಆರಿಸಿದ ಮೇಲೆ. ಬಿಸಿಯಲ್ಲಿ ಹಾಕಿದರೆ ಕಹಿಯಾಗುತ್ತದೆ. ಹಲ್ಲಿನ ತೊಂದರೆ ಇರುವ ಹಿರಿಯರು ಬಂದರೆ ಇದೇ ಉಸಲಿ ಕಷ್ಟ. ಅವರಿಗಾಗಿ ನೆನೆಸಿದ ಹೆಸರುಬೇಳೆ ಒಂದು ಬಟ್ಟಲು ಇರಲಿ, ಐದು ನಿಮಿಷದಲ್ಲಿ ಕೋಸಂಬರಿ.

ಸಿಹಿಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಕೊಬ್ಬರಿ ತುರಿ, ಸಕ್ಕರೆ ಪುಡಿ, ಏಲಕ್ಕಿ ಬೆರೆಸಿದ ಕೊಬ್ಬರಿಸಕ್ಕರೆ ಸಾಕು, ಒಂದೊಂದು ಚಮಚ. ಸಕ್ಕರೆ ಕಾಯಿಲೆಯವರು ಈಗ ಮನೆಗೊಬ್ಬರು. ಅವರು ಬೇಡ ಎಂದಾಗ ಬಲವಂತ ಮಾಡುವುದು ಉಪಚಾರವಲ್ಲ, ಹಿಂಸೆ.

ಕುಡಿಯುವುದಕ್ಕೆ ಬರೋಣ. ಕಾಫಿಯೇ ಬೇಕು ಅನ್ನುವವರು ನಮ್ಮ ಮೈಸೂರು ಕಡೆ ಇದ್ದೇ ಇರುತ್ತಾರೆ. ನಾಲ್ಕು ಗಂಟೆಗೇ ಫಿಲ್ಟರಿಗೆ ಪುಡಿ ಹಾಕಿ ಗಟ್ಟಿ ಡಿಕಾಕ್ಷನ್ ಇಳಿಸಿಡಿ. ಅದನ್ನು ಮತ್ತೆ ಕುದಿಸಬೇಡಿ, ಕುದಿಸಿದರೆ ಕಹಿ ಒಗರಾಗುತ್ತದೆ. ಹಾಲು ಮಾತ್ರ ಹೊಗೆಯಾಡುವಷ್ಟು ಬಿಸಿ ಇರಲಿ. ಬೇಕಿದ್ದರೆ ಡಿಕಾಕ್ಷನ್ ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಡಿ. ಕಾಫಿ ಬಿಟ್ಟರೆ ಪಾನಕ. ಒಂದು ಲೀಟರ್ ನೀರಿಗೆ ಸುಮಾರು 150 ಗ್ರಾಂ ಬೆಲ್ಲ ಕರಗಿಸಿ ಶೋಧಿಸಿ, ಬೆಲ್ಲದಲ್ಲಿ ಮಣ್ಣು ಇದ್ದೇ ಇರುತ್ತದೆ. ಎರಡು ನಿಂಬೆಹಣ್ಣು, ಕುಟ್ಟಿದ ಏಲಕ್ಕಿ, ಒಣಶುಂಠಿ, ಚಿಟಿಕೆ ಉಪ್ಪು. ಉಪ್ಪು ಮರೆತರೆ ಪಾನಕ ಸಪ್ಪೆ ಸಿಹಿ. ನೀರುಮಜ್ಜಿಗೆ ಮಾಡುವುದಾದರೆ ಮೊಸರು ಒಂದು ಪಾಲು, ನೀರು ಮೂರು ನಾಲ್ಕು ಪಾಲು. ಶುಂಠಿ, ಕರಿಬೇವು, ಹಸಿಮೆಣಸಿನಕಾಯಿಯನ್ನು ಜಜ್ಜಿ ಹಾಕಿ, ಅರ್ಧ ಗಂಟೆ ಬಿಟ್ಟು ಶೋಧಿಸಿ. ಇಲ್ಲದಿದ್ದರೆ ಮಕ್ಕಳ ಬಾಯಿಗೆ ಮೆಣಸಿನಕಾಯಿ ಸಿಕ್ಕಿ ರಂಪ.

ದಸರೆ ಹೊತ್ತಿಗೆ ಎಷ್ಟೋ ಸಂಜೆ ಮಳೆ ಹಿಡಿಯುತ್ತದೆ. ಅಂಥ ದಿನ ಪಾನಕ ಕೊಟ್ಟರೆ ಯಾರು ಕುಡಿಯುತ್ತಾರೆ? ಮಲೆನಾಡಿನವರ ಕಷಾಯ ಮಾಡಿ. ಧನಿಯ, ಜೀರಿಗೆ, ಮೆಣಸು, ಸ್ವಲ್ಪ ಮೆಂತ್ಯ ಹುರಿದು ಪುಡಿ ಮಾಡಿ ಸೀಸೆಯಲ್ಲಿಟ್ಟುಕೊಂಡರೆ ತಿಂಗಳುಗಟ್ಟಲೆ ಬರುತ್ತದೆ. ಪುಡಿಯನ್ನು ನೀರಲ್ಲಿ ಕುದಿಸಿ, ಹಾಲು ಬೆರೆಸಿ, ಒಲೆ ಆರಿಸಿ, ಆಮೇಲೆ ಬೆಲ್ಲ. ಹಾಲು ಕುದಿಯುವಾಗ ಬೆಲ್ಲ ಹಾಕಿದರೆ ಒಡೆದುಹೋಗಬಹುದು.

ಇನ್ನು ಕೈಕೆಲಸ. ಗೊಂಬೆ ಮೆಟ್ಟಿಲಿನ ಪಕ್ಕದಲ್ಲಿ ಒಂದು ಪಾರ್ಕು ಇದ್ದರೆ ಮಕ್ಕಳು ಅಲ್ಲಿಂದ ಏಳುವುದಿಲ್ಲ. ಅಗಲದ ತಟ್ಟೆಗೆ ಎರಡು ಬೆರಳು ಮಣ್ಣು ಹರವಿ. ರಾತ್ರಿಯೆಲ್ಲ ನೆನೆಸಿದ ರಾಗಿಯನ್ನು ಒತ್ತಾಗಿ ಚೆಲ್ಲಿ, ತೆಳ್ಳಗೆ ಮಣ್ಣು ಉದುರಿಸಿ, ಒದ್ದೆ ಬಟ್ಟೆ ಮುಚ್ಚಿ. ಮೊಳಕೆ ಕಂಡ ಕೂಡಲೇ ಬಟ್ಟೆ ತೆಗೆದು ಬೆಳಕಿಗೆ ಇಡಿ. ನೀರು ಹುಯ್ಯಬೇಡಿ, ಕೈಯಿಂದ ಚಿಮುಕಿಸಿ. ವಾರದೊಳಗೆ ಹಸಿರು ಹುಲ್ಲುಹಾಸು ಸಿದ್ಧ, ಹಾಗಾಗಿ ಪಾಡ್ಯಕ್ಕೆ ಐದಾರು ದಿನ ಮೊದಲೇ ಬಿತ್ತಬೇಕು. ಸಾಸಿವೆಯೂ ಆಗುತ್ತದೆ, ಆದರೆ ಬೇಗ ಉದ್ದವಾಗಿ ಬಾಗುತ್ತದೆ. ರಾಗಿಯೇ ನೆಟ್ಟಗೆ ನಿಲ್ಲುವುದು. ಕೊಳಕ್ಕೆ ಹಳೆಯ ಕನ್ನಡಿ, ಅಂಚು ಕಾಣದ ಹಾಗೆ ಸುತ್ತ ಮಣ್ಣು ಒತ್ತಿದರೆ ನೀರೇ ನಿಂತ ಹಾಗಿರುತ್ತದೆ. ದಾರಿಗೆ ಮರಳು, ಬೇಲಿಗೆ ಐಸ್‌ಕ್ರೀಂ ಕಡ್ಡಿ, ಮನೆಗೆ ಬೆಂಕಿಪೊಟ್ಟಣ. ಥರ್ಮೋಕೋಲ್ ದೇವಸ್ಥಾನ, ಪ್ಲಾಸ್ಟಿಕ್ ಮರ ಕೊಂಡು ತರುವವರಿದ್ದಾರೆ. ಚೆನ್ನಾಗಿಯೇ ಕಾಣುತ್ತವೆ. ಆದರೆ ಅದರಲ್ಲಿ ಮಕ್ಕಳಿಗೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಮಕ್ಕಳು ಗೊಂಬೆ ಮುಟ್ಟುತ್ತಾರೆ ಎಂದು ಸಂಜೆಯೆಲ್ಲ ಗದರುವ ಮನೆಗಳಿವೆ. ಅದಕ್ಕೆ ಉಪಾಯ ಉಂಟು. ಮೂರೋ ಐದೋ ಏಳೋ, ಮೆಟ್ಟಿಲು ಎಷ್ಟಾದರೂ ಇರಲಿ, ಎಲ್ಲಕ್ಕಿಂತ ಕೆಳಗಿನದು ಮಕ್ಕಳದು ಎಂದು ಬಿಟ್ಟುಬಿಡಿ. ಅಲ್ಲಿ ಮಣ್ಣಿನ ಗೊಂಬೆ ಬೇಡ, ಚನ್ನಪಟ್ಟಣದ ಆಟಿಕೆ ಇಡಿ. ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಏರಿಸಿದವು ಅವು. ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ, ಅಂಚು ಚುಚ್ಚುವುದಿಲ್ಲ. ಬಂದ ಮಕ್ಕಳು ಅವನ್ನು ತೆಗೆದು ಜೋಡಿಸಿ, ಕೆಡವಿ, ಮತ್ತೆ ಜೋಡಿಸಲಿ. ಮೇಲಿನ ಮೆಟ್ಟಿಲ ಕಡೆ ಕೈ ಹೋಗುವುದೇ ಇಲ್ಲ.

ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ರಾಜ ರಾಣಿ. ತವರಿನಿಂದ ಬಂದ ಮರದ ಜೋಡಿ ಎಷ್ಟೋ ಮನೆಗಳಲ್ಲಿದೆ. ಅವಕ್ಕೆ ವರ್ಷವರ್ಷವೂ ಹೊಸ ಬಟ್ಟೆ ಉಡಿಸುವುದು ಒಂದು ಖುಷಿ. ಜರಿ ಸೀರೆಯ ಹಳೆ ಅಂಚು ನಾಲ್ಕು ಬೆರಳು ಅಗಲ ಕತ್ತರಿಸಿ. ನೆರಿಗೆಯನ್ನು ಮೊದಲು ಮೇಜಿನ ಮೇಲೆ ಹಿಡಿದು ಇಸ್ತ್ರಿ ಹಾಕಿಕೊಂಡು ಆಮೇಲೆ ಗೊಂಬೆಗೆ ಸುತ್ತಿದರೆ ಅಚ್ಚುಕಟ್ಟಾಗಿ ಕೂರುತ್ತದೆ. ಬಿಗಿಯಲು ದಾರ ಕಟ್ಟಿ. ಗೋಂದು ಹಚ್ಚಿದರೆ ಮುಂದಿನ ವರ್ಷ ಬಟ್ಟೆಯ ಜೊತೆ ಬಣ್ಣವೂ ಕಿತ್ತು ಬರುತ್ತದೆ.

ಗೊಂಬೆ ನೋಡಲು ಬಂದ ಮಕ್ಕಳಿಗೆ ಬೊಂಬೆ ಬಾಗಿನ ಕೊಡಬೇಕಲ್ಲ, ಅದನ್ನು ಯಾವುದರಲ್ಲಿ ಕೊಡುವುದು? ಹಳೇ ಪೇಪರಿನಲ್ಲಿ ಕಟ್ಟಬೇಡಿ, ಎಣ್ಣೆ ತಿಂಡಿಗೆ ಅಚ್ಚಿನ ಮಸಿ ಅಂಟುತ್ತದೆ. ಪ್ರತಿ ಮನೆಯ ಬೀರುವಿನಲ್ಲೂ ಅರಿಶಿನ ಕುಂಕುಮಕ್ಕೆ ಹೋದಾಗ ಕೊಟ್ಟ ರವಿಕೆ ಕಣಗಳು ಬಿದ್ದಿರುತ್ತವೆ. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ಯಾರೂ ಹೊಲಿಸುವುದಿಲ್ಲ! ಅವನ್ನು ಚೀಲ ಮಾಡಿ. ಬಟ್ಟೆ 80 ಸೆಂಟಿಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ ಇದ್ದರೆ, 40ಕ್ಕೆ 15ರ ಪಟ್ಟಿ ಹನ್ನೆರಡು ಬರುತ್ತವೆ. ಪಟ್ಟಿಯ ಎರಡೂ ತುದಿಯನ್ನು ಮೊದಲು ಎರಡು ಬೆರಳು ಮಡಚಿ ಹೊಲಿಯಿರಿ, ದಾರ ಹೋಗುವುದು ಅಲ್ಲೇ. ಆಮೇಲೆ ಪಟ್ಟಿಯನ್ನು ನಡುವಿಗೆ ಮಡಚಿ ಎರಡು ಪಕ್ಕ ಹೊಲಿಯಿರಿ, ಮಡಿಕೆಯ ಬಾಯಿ ಮಾತ್ರ ಬಿಟ್ಟುಕೊಳ್ಳಿ. ಎರಡು ಪಕ್ಕ ಮೊದಲು ಹೊಲಿದುಬಿಟ್ಟರೆ ಬಾಯಿ ಮಡಚುವುದು ಕಷ್ಟ. ಮಿಷನ್ ಇಲ್ಲದವರು ಕೈಹೊಲಿಗೆಯಲ್ಲೇ ಮಾಡಬಹುದು. ಒಳಗೆ ಎಲೆಯಲ್ಲೋ ತೆಳು ಬಿಳಿ ಕಾಗದದಲ್ಲೋ ಸುತ್ತಿದ ಎರಡು ಕೋಡುಬಳೆ, ಒಂದು ಉಂಡೆ, ಒಂದು ಪೆನ್ಸಿಲ್. ತಿಂಡಿ ಮುಗಿದ ಮೇಲೂ ಆ ಚೀಲದಲ್ಲಿ ಗೋಲಿಯೋ ಕವಡೆಯೋ ಇರುತ್ತದೆ.

ಹೆಂಗಸರ ತಾಂಬೂಲಕ್ಕೆ ವೀಳ್ಯದೆಲೆ ಒಟ್ಟಿಗೇ ತಂದಿಟ್ಟುಕೊಳ್ಳುವುದಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪು ಜಾಗದಲ್ಲಿಡಿ, ದಿನಕ್ಕೊಮ್ಮೆ ಬಿಚ್ಚಿ ಕೊಳೆತದ್ದನ್ನು ತೆಗೆಯಿರಿ. ಒಂದು ಎಲೆ ಕೊಳೆತರೆ ಕಟ್ಟೆಲ್ಲ ಹಾಳು. ಆರತಿ ಆದ ಮೇಲೆ ಯಾರನ್ನಾದರೂ ಹಾಡು ಹೇಳಿ ಅನ್ನಿ. ಗಂಟಲು ಸರಿಯಿಲ್ಲ ಅನ್ನುವವರು ಎರಡನೇ ಸಲ ಕೇಳಲಿ ಎಂದೇ ಕಾಯುತ್ತಿರುತ್ತಾರೆ.

ಹೊರದೇಶದಲ್ಲಿರುವ ನಮ್ಮ ಹುಡುಗಿಯರು ಶನಿವಾರವೋ ಭಾನುವಾರವೋ ಎಲ್ಲರನ್ನೂ ಒಟ್ಟಿಗೆ ಕರೆಯುತ್ತಾರೆ. ಅವರಿಗೆ ಬೀದಿಯಲ್ಲಿ ಮನೆಮನೆ ಸುತ್ತುವ ಭಾಗ್ಯವಿಲ್ಲ, ಆದರೆ ಒಂದೇ ಸಂಜೆಗೆ ಮೂವತ್ತು ನಲವತ್ತು ಜನ. ಅವರಿಗೂ ಇದೇ ಲೆಕ್ಕ ಸರಿ. ಉಸಲಿಯನ್ನು ಸಣ್ಣ ಬಟ್ಟಲುಗಳಿಗೆ ಮೊದಲೇ ಹಾಕಿಡಿ, ಮಜ್ಜಿಗೆಯನ್ನು ನಲ್ಲಿ ಇರುವ ದೊಡ್ಡ ಜಾಡಿಯಲ್ಲಿಟ್ಟು ಬೇಕಾದವರು ಬಗ್ಗಿಸಿಕೊಳ್ಳಲಿ. ಮಣ್ಣು ಸಿಗದಿದ್ದರೆ ರಾಗಿಯನ್ನು ಒದ್ದೆ ಹತ್ತಿಯ ಮೇಲೂ ಮೊಳಕೆ ಬರಿಸಬಹುದು.

ಹಬ್ಬ ಮುಗಿದ ಮೇಲೆ ಗೊಂಬೆ ಎತ್ತಿಡುವುದರಲ್ಲಿ ಸೋಮಾರಿತನ ಬೇಡ. ಒಣಬಟ್ಟೆಯಲ್ಲಿ ದೂಳು ಒರೆಸಿ, ಒಂದೊಂದನ್ನೂ ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರು ಹಿಡಿದು ಬಣ್ಣ ಅಂಟುತ್ತದೆ. ನಡುನಡುವೆ ಒಣಗಿದ ಬೇವಿನ ಸೊಪ್ಪು, ಒಂದೆರಡು ಬಜೆ ತುಂಡು. ಭಾರದವು ಕೆಳಗೆ, ಮಣ್ಣಿನವು ಮೇಲೆ. ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ಎರಡು ಹಲಗೆಯ ಮೇಲಿಡಿ. ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ: ಯಾವ ಗೊಂಬೆಯ ಕೈ ಮುರಿದಿದೆ, ಎಷ್ಟು ಚೀಲ ಬೇಕಾಯಿತು, ಎಷ್ಟು ಕಾಳು ಸಾಲದೆ ಹೋಯಿತು, ಯಾರ ಮನೆಯ ಮಗುವಿಗೆ ಕಡಲೆಕಾಯಿ ಆಗಿಬರುವುದಿಲ್ಲ.