ಉತ್ತರದಿಂದ ಹಿಂದಕ್ಕೆ: ನಾನು ಕ್ವಿಜ್ ಪ್ರಶ್ನೆ ಬರೆಯುವ ಬಗೆ

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ನಾನು ಹಲವು ವರ್ಷಗಳಿಂದ ಕ್ವಿಜ್‌ಗಳಿಗೆ ಪ್ರಶ್ನೆ ಬರೆದುಕೊಡುತ್ತಿದ್ದೇನೆ. ನಮ್ಮ ಶಾಲೆಯದ್ದು, ತಾಲ್ಲೂಕು ಮಟ್ಟದ್ದು, ರಾಜ್ಯೋತ್ಸವಕ್ಕೆ ಸಂಘದವರು ನಡೆಸುವುದು, ಹೀಗೆ ಯಾರು ಕೇಳಿದರೂ ಇಲ್ಲ ಎನ್ನುವುದಿಲ್ಲ. ಈ ಕೆಲಸವನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟವರಲ್ಲ. ಕಲಿತದ್ದು ಟಿವಿ ನೋಡಿ. ಚಂದನ ವಾಹಿನಿಯಲ್ಲಿ 2002ರಲ್ಲಿ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಶುರುವಾಯಿತಲ್ಲ, ಸರಿ ಉತ್ತರಕ್ಕೆ ಪುಸ್ತಕ ಬಹುಮಾನ ಕೊಡುವ ಆ ಕಾರ್ಯಕ್ರಮವನ್ನು ನಾನು ನೋಟ್ ಪುಸ್ತಕ ಹಿಡಿದೇ ನೋಡುತ್ತಿದ್ದೆ. ಬರೆದುಕೊಳ್ಳುತ್ತಿದ್ದದ್ದು ಉತ್ತರಗಳನ್ನಲ್ಲ, ಪ್ರಶ್ನೆ ಕೇಳಿದ ರೀತಿಯನ್ನು. ಉತ್ತರ ಯಾವ ಜಿಕೆ ಪುಸ್ತಕದಲ್ಲಾದರೂ ಸಿಗುತ್ತದೆ. ಅದನ್ನೇ ಹೇಗೆ ಕೇಳಿದರೆ ಮಕ್ಕಳ ತಲೆ ಓಡುತ್ತದೆ ಎಂಬುದು ಅಲ್ಲಿ ಇರುವುದಿಲ್ಲ.

ಮಾದರಿ ಪ್ರಶ್ನೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ‘ಕೌನ್ ಬನೇಗಾ ಕರೋಡ್‌ಪತಿ’ಯ ಒಂದು ಪ್ರಶ್ನೆ ಹೇಳುತ್ತೇನೆ. 2011ರಲ್ಲಿ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಐದು ಕೋಟಿ ಗೆದ್ದದ್ದು ಇದಕ್ಕೆ ಉತ್ತರ ಹೇಳಿ: 1868ರಲ್ಲಿ ನಿಕೋಬಾರ್ ದ್ವೀಪಗಳ ಹಕ್ಕನ್ನು ಬ್ರಿಟಿಷರಿಗೆ ಮಾರಿ ಭಾರತದಿಂದ ಕಾಲ್ತೆಗೆದ ವಸಾಹತು ಶಕ್ತಿ ಯಾವುದು? ಬೆಲ್ಜಿಯಂ, ಇಟಲಿ, ಡೆನ್ಮಾರ್ಕ್, ಫ್ರಾನ್ಸ್ ಎಂಬ ನಾಲ್ಕು ಆಯ್ಕೆ.

ಇದನ್ನು ಒಮ್ಮೆ ಹತ್ತನೇ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದೆ. ನಿಕೋಬಾರಿನ ಚರಿತ್ರೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸಾರ್, ಫ್ರೆಂಚರು ಪಾಂಡಿಚೇರಿ ಬಿಟ್ಟದ್ದು ಸ್ವಾತಂತ್ರ್ಯ ಬಂದಮೇಲೆ ಅಲ್ವಾ? ಹಾಗಾದ್ರೆ ಅವರಲ್ಲ” ಎಂದಳು. ಸರಿ, ಫ್ರಾನ್ಸ್ ಹೋಯಿತು. ಅವರು ಪಾಂಡಿಚೇರಿ ಬಿಟ್ಟುಕೊಟ್ಟದ್ದು 1954ರಲ್ಲಿ. ಇಟಲಿಯ ಏಕೀಕರಣದ ಪಾಠ ಮಕ್ಕಳು ಓದಿದ್ದೇ. 1861ರವರೆಗೆ ಇಟಲಿ ಎಂಬ ಒಂದು ರಾಜ್ಯವೇ ಇರಲಿಲ್ಲ, ಇನ್ನು ನಮ್ಮಲ್ಲಿ ವಸಾಹತು ಎಲ್ಲಿಂದ ಬರಬೇಕು? ಬೆಲ್ಜಿಯಂ ಹುಟ್ಟಿದ್ದು 1830ರಲ್ಲಿ ಎಂದು ನಾನು ಒಂದು ಎಳೆ ಕೊಟ್ಟೆ. ಉಳಿದದ್ದು ಡೆನ್ಮಾರ್ಕ್. ಆಮೇಲೆ ತಮಿಳುನಾಡಿನ ತರಂಗಂಬಾಡಿಯಲ್ಲಿ ಡೇನರು 1620ರಲ್ಲಿ ಕಟ್ಟಿದ ಕೋಟೆ ಇವತ್ತಿಗೂ ಸಮುದ್ರದ ದಂಡೆಯಲ್ಲಿ ನಿಂತಿದೆ ಎಂದಾಗ ಮಕ್ಕಳು ಕಣ್ಣರಳಿಸಿ ಕೇಳಿದರು. ಐದು ಕೋಟಿಯ ಪ್ರಶ್ನೆಯನ್ನು ಬಾಯಿಪಾಠವಿಲ್ಲದೆ, ಪಠ್ಯಪುಸ್ತಕದ ತಿಳಿವಳಿಕೆಯಿಂದಲೇ ಬಿಡಿಸಬಹುದು ಎಂದಾದರೆ ಅದನ್ನು ಬರೆದವರಿಗೆ ಕೈ ಮುಗಿಯಬೇಕು. ಗೊತ್ತಿಲ್ಲದವನೂ ಯೋಚಿಸಿ ಮುಟ್ಟಬಹುದಾದ ಪ್ರಶ್ನೆಯೇ ನನ್ನ ಲೆಕ್ಕದಲ್ಲಿ ಒಳ್ಳೆಯ ಪ್ರಶ್ನೆ. ನನ್ನ ಪ್ರಯತ್ನವೆಲ್ಲ ಅಂಥದ್ದನ್ನು ಬರೆಯುವುದಕ್ಕೇ.

ನಾನು ಉತ್ತರದಿಂದ ಹಿಂದಕ್ಕೆ ಹೋಗುತ್ತೇನೆ. ಮೊದಲು ‘ಅರೆ, ಹೌದಾ!’ ಎನಿಸುವ ಒಂದು ಸಂಗತಿ ಹುಡುಕುವುದು, ಆಮೇಲೆ ಅದಕ್ಕೆ ಪ್ರಶ್ನೆ ಕಟ್ಟುವುದು. ಶಿವನಸಮುದ್ರವನ್ನೇ ತೆಗೆದುಕೊಳ್ಳಿ. ‘ಶಿವನಸಮುದ್ರ ಜಲವಿದ್ಯುತ್ ಕೇಂದ್ರ ಶುರುವಾದದ್ದು ಯಾವಾಗ?’ ಎಂದು ಕೇಳಿದರೆ 1902 ಎಂದು ಗೊತ್ತಿದ್ದವನು ಹೇಳುತ್ತಾನೆ, ಗೊತ್ತಿಲ್ಲದವನು ಪಾಸ್ ಎನ್ನುತ್ತಾನೆ, ಕಥೆ ಮುಗಿಯಿತು. ನಾನು ಅದನ್ನು ಹೀಗೆ ತಿರುಗಿಸಿದೆ: ‘1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ಕರೆಂಟು ಮೊದಲು ಹೋದದ್ದು ಯಾವ ಊರಿಗೆ?’ ಮೈಸೂರು, ಬೆಂಗಳೂರು, ಕೋಲಾರ ಚಿನ್ನದ ಗಣಿ, ಮಂಡ್ಯ ಎಂಬ ಆಯ್ಕೆ ಕೊಟ್ಟೆ. ಸಭಾಂಗಣದಲ್ಲಿ ಕೂತಿದ್ದ ಮೇಷ್ಟ್ರುಗಳೂ ಸೇರಿ ಮುಕ್ಕಾಲುಪಾಲು ಜನ ಮೈಸೂರು ಎಂದರು. ಅರಮನೆ ಇರುವ ಊರಲ್ಲವೇ, ಹಾಗೆ ಅನ್ನಿಸುವುದು ಸಹಜ. ಒಂದು ತಂಡ ಮಾತ್ರ ತಲೆ ತಲೆ ಕೂಡಿಸಿ ಪಿಸುಗುಟ್ಟಿ, “ಸಾರ್, ದುಡ್ಡು ಕೊಡೋರು ಯಾರು ಅಂತ ಯೋಚಿಸಿದ್ವಿ. ಗಣಿ ಕಂಪನಿ” ಎಂದಿತು.

ಸರಿಯಾದ ದಾರಿ ಅದೇ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಆ ಯೋಜನೆಗೆ ಕೈಹಾಕಿದ್ದೇ ಗಣಿಗೆ ವಿದ್ಯುತ್ ಮಾರುವುದಕ್ಕೆ. ಆಳದ ಗಣಿಯ ಯಂತ್ರಗಳು ಉಗಿಯಿಂದ ಓಡುತ್ತಿದ್ದವು, ಸೌದೆ ಕಲ್ಲಿದ್ದಲಿಗೆ ವಿಪರೀತ ಖರ್ಚಾಗುತ್ತಿತ್ತು. ಕಾವೇರಿಯ ದಡದಿಂದ ಗಣಿಯವರೆಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಇಷ್ಟನ್ನೂ ಉತ್ತರ ಹೇಳಿದ ಮೇಲೆ ಅರ್ಧ ನಿಮಿಷದಲ್ಲಿ ಓದುವಂತೆ ಚೀಟಿಯ ಹಿಂಬದಿಯಲ್ಲಿ ಬರೆದಿಟ್ಟಿರುತ್ತೇನೆ. ಆ ಅರ್ಧ ನಿಮಿಷವನ್ನು ಎಷ್ಟೋ ಕ್ವಿಜ್ ಮಾಸ್ಟರ್‌ಗಳು ಹೊತ್ತಾಯಿತೆಂದು ಬಿಟ್ಟುಬಿಡುತ್ತಾರೆ. ನನಗೆ ಅದು ಹೊಟ್ಟೆ ಉರಿಸುವ ವಿಷಯ. ಯಾಕೆ ಎಂಬುದನ್ನು ಹೇಳದಿದ್ದರೆ ಮಕ್ಕಳಿಗೆ ಸಿಕ್ಕಿದ್ದು ಬರೀ ಒಂದು ಊರಿನ ಹೆಸರು.

ಇನ್ನು, ಪ್ರಶ್ನೆಗೆ ಒಂದೇ ಉತ್ತರ ಇರಬೇಕು. ಹೇಳುವುದು ಸುಲಭ, ಬರೆಯಲು ಕೂತಾಗಲೇ ಅದರ ಕಷ್ಟ ತಿಳಿಯುವುದು. ‘ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು?’ ಎಂಬ ಪ್ರಶ್ನೆ ಪ್ರತಿ ನವೆಂಬರ್‌ನಲ್ಲಿ ಎಲ್ಲಾದರೂ ಒಂದು ಕಡೆ ಜಗಳ ತರುತ್ತದೆ. 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದವರು ಕೆ.ಸಿ. ರೆಡ್ಡಿ. 1956ರ ನವೆಂಬರ್ 1ರಂದು ಏಕೀಕೃತ ರಾಜ್ಯಕ್ಕೆ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಆಗ ಕುರ್ಚಿಯಲ್ಲಿದ್ದವರು ಡಿ. ದೇವರಾಜ ಅರಸು. ಮೂರನ್ನೂ ಸಮರ್ಥಿಸಬಹುದು, ಮೂರು ತಂಡವೂ ಎದ್ದು ನಿಲ್ಲಬಹುದು. ನಾನು ಅದನ್ನು ಒಡೆದು ಮೂರು ಪ್ರಶ್ನೆ ಮಾಡಿಕೊಂಡಿದ್ದೇನೆ. ‘ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಬದಲಿಸಿದ ದಿನ ಮುಖ್ಯಮಂತ್ರಿಯಾಗಿದ್ದವರು ಯಾರು?’ ಎಂದರೆ ಯಾರೂ ತಕರಾರು ಎತ್ತುವ ಹಾಗಿಲ್ಲ.

ಕಾಲದಿಂದ ಹಳಸುವ ಪ್ರಶ್ನೆಗಳದ್ದು ಬೇರೆಯೇ ತಲೆನೋವು. ಕರ್ನಾಟಕದಲ್ಲಿ ಎಷ್ಟು ಜಿಲ್ಲೆಗಳಿವೆ ಎಂಬ ಪ್ರಶ್ನೆಗೆ 30 ಎಂದೇ ಉತ್ತರವಿರುವ ಪುಸ್ತಕಗಳು ಈಗಲೂ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಸಿಗುತ್ತವೆ. ಹಾಗಾಗಿ ನಾನು ಸಂಖ್ಯೆ ಕೇಳುವುದನ್ನೇ ಬಿಟ್ಟು, ‘2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ರಾಜ್ಯದ 31ನೇ ಜಿಲ್ಲೆಯಾದ ವಿಜಯನಗರದ ಜಿಲ್ಲಾ ಕೇಂದ್ರ ಯಾವುದು?’ ಎಂದು ಕೇಳುತ್ತೇನೆ. ಇಸವಿ ಪ್ರಶ್ನೆಯೊಳಗೇ ಕೂತಿರುವುದರಿಂದ ಮುಂದೆ ಇನ್ನೆಷ್ಟು ಜಿಲ್ಲೆ ಹುಟ್ಟಿದರೂ ಹೊಸಪೇಟೆ ಎಂಬ ಉತ್ತರಕ್ಕೆ ಧಕ್ಕೆಯಿಲ್ಲ.

ಜಿಕೆ ಪುಸ್ತಕಗಳನ್ನು ನಾನು ವಿಷಯ ಹೊಳೆಯಲಿ ಎಂದು ಮಾತ್ರ ತಿರುವಿಹಾಕುತ್ತೇನೆ, ಪ್ರಮಾಣಕ್ಕೆ ಅವು ಬೇಡ. ಅವು ಒಂದನ್ನೊಂದು ನಕಲು ಮಾಡುತ್ತವೆ, ಹತ್ತು ಪುಸ್ತಕದಲ್ಲಿ ಇದ್ದ ಮಾತ್ರಕ್ಕೆ ಹತ್ತು ಸಾಕ್ಷಿ ಆಗುವುದಿಲ್ಲ. ಭಾರತದ ರಾಷ್ಟ್ರೀಯ ಕ್ರೀಡೆ ಹಾಕಿ ಎಂದು ನಾವೆಲ್ಲ ಓದಿಕೊಂಡು ಬಂದವರು. 2012ರಲ್ಲಿ ಶಾಲಾ ಬಾಲಕಿಯೊಬ್ಬಳು ಮಾಹಿತಿ ಹಕ್ಕಿನಡಿ ಕೇಳಿದಾಗ, ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆ ಎಂದು ಘೋಷಿಸಿಲ್ಲವೆಂದು ಕ್ರೀಡಾ ಸಚಿವಾಲಯವೇ ಉತ್ತರ ಕೊಟ್ಟಿತು. ಮೇಷ್ಟ್ರುಗಳು, ಪುಸ್ತಕ ಬರೆಯುವವರು ಯಾರೂ ಕೇಳದೇ ಇದ್ದದ್ದನ್ನು ಒಂದು ಮಗು ಕೇಳಿತು. ಆ ಹುಡುಗಿಯ ಬಗ್ಗೆ ನನಗೆ ತುಂಬ ಗೌರವವಿದೆ, ಪ್ರತಿ ವರ್ಷ ಹೊಸ ತರಗತಿಗೆ ಈ ಸಂಗತಿಯನ್ನು ಹೇಳಿಯೇ ಕ್ವಿಜ್ ಶುರು ಮಾಡುತ್ತೇನೆ. ಹಲ್ಮಿಡಿ ಶಾಸನದ ವಿಷಯದಲ್ಲೂ ಹುಷಾರಾಗಿರುತ್ತೇನೆ. ತಾಳಗುಂದದ ಸಿಂಹ ಕಟಾಂಜನ (ಸಿಂಹದ ಕೆತ್ತನೆಯ ಕಟಕಟೆ) ಶಾಸನ ಅದಕ್ಕಿಂತ ಹಳೆಯದು ಎಂಬ ವಾದ ಬಂದಮೇಲೆ ‘ಕನ್ನಡದ ಮೊದಲ ಶಾಸನ ಯಾವುದು’ ಎಂದು ಕೇಳುವುದಿಲ್ಲ. ‘ಸುಮಾರು ಕ್ರಿ.ಶ. 450ರದೆಂದು ಹೇಳುವ, ಬೇಲೂರು ತಾಲ್ಲೂಕಿನಲ್ಲಿ ದೊರೆತ ಪ್ರಸಿದ್ಧ ಶಾಸನ ಯಾವುದು’ ಎಂದರೆ ಹಲ್ಮಿಡಿಯ ಗೌರವವೂ ಉಳಿಯಿತು, ಸತ್ಯವೂ ಉಳಿಯಿತು.

ನನಗೆ ಅತಿ ಹೆಚ್ಚು ಹೊತ್ತು ಹಿಡಿಯುವುದು ತಪ್ಪು ಆಯ್ಕೆಗಳನ್ನು ಬರೆಯಲು. ಸರಿ ಉತ್ತರದ ಪಕ್ಕ ಮೂರು ಹೆಸರು ತುಂಬಿಸಿದರಾಯಿತು ಎಂದುಕೊಂಡವರ ಪ್ರಶ್ನೆಪತ್ರಿಕೆ ನೋಡಿದರೆ ತಿಳಿಯುತ್ತದೆ: ಕವಿಯ ಹೆಸರು ಕೇಳಿರುತ್ತಾರೆ, ಆಯ್ಕೆಯಲ್ಲಿ ಇಬ್ಬರು ಕ್ರಿಕೆಟಿಗರು. ನನ್ನ ಮನಸ್ಸಿಗೆ ಹಿಡಿಸಿದ ಒಂದು ಪ್ರಶ್ನೆ ಇದು: ‘1967ರ ಜ್ಞಾನಪೀಠ ಪ್ರಶಸ್ತಿಯನ್ನು ಕುವೆಂಪು ಅವರೊಂದಿಗೆ ಹಂಚಿಕೊಂಡ ಗುಜರಾತಿ ಸಾಹಿತಿ ಯಾರು?’ ಉತ್ತರ ಉಮಾಶಂಕರ ಜೋಶಿ. ಆದರೆ ‘ಗುಜರಾತಿ’ ಎಂಬ ಒಂದು ಪದ ಇದ್ದರೆ ಜೋಶಿ ಎಂಬ ಅಡ್ಡಹೆಸರು ನೋಡಿಯೇ ಊಹಿಸಿಬಿಡಬಹುದು, ಹಾಗಾಗಿ ಅದನ್ನು ತೆಗೆದೆ. ಆಯ್ಕೆಗೆ ಆ ಪ್ರಶಸ್ತಿಯ ಅಕ್ಕಪಕ್ಕದ ವರ್ಷಗಳವರನ್ನೇ ತಂದು ಕೂರಿಸಿದೆ. 1965ರ ಜಿ. ಶಂಕರ ಕುರುಪ್, 1966ರ ತಾರಾಶಂಕರ ಬಂದ್ಯೋಪಾಧ್ಯಾಯ, 1968ರ ಸುಮಿತ್ರಾನಂದನ ಪಂತ್. ನಾಲ್ವರಲ್ಲಿ ಮೂವರ ಹೆಸರಿನಲ್ಲಿ ಶಂಕರ! ‘ಏನೋ ಶಂಕರ ಅಂತ ಬರುತ್ತೆ’ ಎಂದು ಅರೆಬರೆ ನೆನಪಿಟ್ಟುಕೊಂಡವರು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಯಾರ ಭಾಷೆ ಯಾವುದು, ಯಾರು ಮೊದಲು ಯಾರು ಆಮೇಲೆ ಎಂದು ಗೊತ್ತಿದ್ದವರು ದಾಟಿಕೊಳ್ಳುತ್ತಾರೆ. ಉತ್ತರ ತಪ್ಪಿದವರಿಗೂ ಜ್ಞಾನಪೀಠದ ಮೊದಲ ನಾಲ್ಕು ವರ್ಷ ಉಚಿತವಾಗಿ ಸಿಕ್ಕಿತು.

ಬರೆದ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ನೋಡುತ್ತೇನೆ. ಕಣ್ಣಿಗೆ ಚೆಂದ ಕಂಡದ್ದು ಮೈಕಿನಲ್ಲಿ ತೊಡರುತ್ತದೆ. ಒಂದೇ ಉಸಿರಿಗೆ ಮುಗಿಯದ ವಾಕ್ಯವನ್ನು ಎರಡು ಮಾಡುತ್ತೇನೆ. ಬಜರ್ ಸುತ್ತಿನ ಪ್ರಶ್ನೆಯಾದರೆ ಕೀಲಿ ಪದವನ್ನು ಕೊನೆಗೆ ತಳ್ಳುತ್ತೇನೆ, ಇಲ್ಲವಾದರೆ ಅರ್ಧ ಓದುವಷ್ಟರಲ್ಲಿ ಗುಂಡಿ ಒತ್ತಿ ಮುಗಿಸಿರುತ್ತಾರೆ. ಮನೆಯಲ್ಲಿ ನನ್ನ ಅಕ್ಕ ಇದ್ದಾಳೆ, ಏಳನೇ ತರಗತಿಗೆ ಓದು ಬಿಟ್ಟವಳು, ಪೇಪರ್ ಮಾತ್ರ ದಿನಾ ತಪ್ಪದೆ ಓದುತ್ತಾಳೆ. ಅವಳಿಗೆ ಮೊದಲು ಕೇಳುತ್ತೇನೆ. ಉತ್ತರ ಗೊತ್ತಿಲ್ಲದಿದ್ದರೂ “ತಡಿ ತಡಿ, ಹೇಳ್ಬೇಡ” ಎಂದಳೋ, ಆ ಪ್ರಶ್ನೆ ಪಟ್ಟಿಗೆ ಸೇರಿತು. “ಯಾರಿಗ್ ಬೇಕೋ ಅದು” ಎಂದಳೋ, ಹರಿದು ಬಿಸಾಕಿದೆ.

ಪ್ರಶ್ನೆಗಳನ್ನು ಜೋಡಿಸುವಾಗ ಮೊದಲ ಸುತ್ತಿನಲ್ಲಿ ಪ್ರತಿ ತಂಡವೂ ಒಂದಾದರೂ ಸರಿ ಹೇಳುವಂತೆ ನೋಡಿಕೊಳ್ಳುತ್ತೇನೆ. ಹಳ್ಳಿ ಶಾಲೆಯಿಂದ ಮೊದಲ ಸಲ ವೇದಿಕೆ ಹತ್ತಿದ ಮಗು ಸೊನ್ನೆಯ ಬೋರ್ಡು ನೋಡುತ್ತಾ ಕೂತರೆ ಅದರ ಬಾಯಿ ಆಮೇಲೆ ಬಿಚ್ಚುವುದೇ ಇಲ್ಲ. ತಂಡಗಳ ಊರು ಮೊದಲೇ ಗೊತ್ತಾದರೆ ಅವರವರ ಸೀಮೆಯ ಬೆಳೆ, ಹೊಳೆ, ಜಾತ್ರೆಯ ಮೇಲೂ ಪ್ರಶ್ನೆ ಇಟ್ಟಿರುತ್ತೇನೆ, ಆದರೆ ಪಕ್ಕದ ಸೀಮೆಯ ತಂಡಕ್ಕೆ ಬರುವ ಹಾಗೆ.

ಕೊನೆಗೆ ಸಮಬಲವಾದಾಗ ಕೇಳುವ ಪ್ರಶ್ನೆ. ಇದಕ್ಕೆ ನಾನು ಯಾವಾಗಲೂ ಅಂದಾಜಿನ ಪ್ರಶ್ನೆ ಇಡುತ್ತೇನೆ: ‘ಜೋಗದಲ್ಲಿ ರಾಜಾ ಧಾರೆ ಎಷ್ಟು ಅಡಿ ಎತ್ತರದಿಂದ ಬೀಳುತ್ತದೆ?’ ಉತ್ತರ ಸುಮಾರು 830 ಅಡಿ, ಅಂದರೆ 253 ಮೀಟರ್. ದೇಶದಲ್ಲೇ ಅತಿ ಎತ್ತರದ್ದು ಯಾವುದು ಎಂಬ ವಿವಾದದ ಗೊಡವೆ ಇದರಲ್ಲಿ ಇಲ್ಲ. ಎರಡೂ ತಂಡದವರು ಚೀಟಿಯಲ್ಲಿ ಅಂಕಿ ಬರೆದುಕೊಡಬೇಕು, ಹತ್ತಿರ ಬಂದವರು ಗೆದ್ದ ಹಾಗೆ. ಪಾಸ್ ಎನ್ನುವಂತಿಲ್ಲ, ಸುಮ್ಮನೆ ಕೂರುವಂತಿಲ್ಲ. ತಾವು ಕಂಡ ತೆಂಗಿನ ಮರ ಎಷ್ಟು ಎತ್ತರ, ಅಂಥವು ಎಷ್ಟು ಒಂದರ ಮೇಲೊಂದು ನಿಂತಾವು ಎಂದು ಮಕ್ಕಳು ಬೆರಳೆಣಿಸುತ್ತಾರೆ. ಚೀಟಿ ಬಿಡಿಸುವ ಹೊತ್ತಿಗೆ ಸಭೆಯಲ್ಲಿದ್ದವರೂ ತಮ್ಮ ತಮ್ಮ ಅಂದಾಜು ಕೂಗಿ ಹೇಳುತ್ತಿರುತ್ತಾರೆ, ಅವರನ್ನು ಸುಮ್ಮನಾಗಿಸಲು ಮೈಕ್ ಬೇಕಾಗುತ್ತದೆ.